ಗಾದಿಯ ಮುಂದೆ ಹೇಳಿದ ಬೆಲೆ

ಮಲ್ಲಪ್ಪಾ, ನಿನ್ನ ಕಾರ್ಡಿಗೆ ಆರು ಬಂದಿರಲಿಲ್ಲ. ಹತ್ತು ಬಂದಿತ್ತು. ಹತ್ತಕ್ಕೆ ಹತ್ತು. ನಾನು ನಿನಗೆ ಸುಳ್ಳು ಹೇಳಿ ಅದನ್ನು ಮಾರಿದೆ, ಬಂದ ಹಣವನ್ನು ನಾನೇ ಇಟ್ಟುಕೊಂಡೆ. ಏಳು ವರ್ಷವಾಯಿತು. ಈ ಏಳು ವರ್ಷವೂ ನೀನು ವಾರಕ್ಕೊಮ್ಮೆ ಸೀರೆಯ ಗಂಟು ಹೊತ್ತು ನನ್ನ ಎದುರು ಬಂದು ನಿಂತಿದ್ದೀಯ, ನಾನು ಪ್ರತಿ ಸಲವೂ — ಇಲ್ಲ, ಮೊದಲಿನಿಂದ ಬರೆಯುತ್ತೇನೆ. ನಿನ್ನ ಹೊರತು ಬೇರೆ ಯಾರಾದರೂ ಇದನ್ನು ಓದಿದರೆ ಅವರಿಗೂ ಎಲ್ಲ ತಿಳಿಯಲಿ. ಅರ್ಧ ಹೇಳಿ ಅರ್ಧ ಬಚ್ಚಿಡುವ ಚಾಳಿಯಿಂದಲೇ ಇಷ್ಟೆಲ್ಲ ಆದದ್ದು.

ನಾವಿಬ್ಬರೂ ಬನಹಟ್ಟಿಯ ಒಂದೇ ಸಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತವರು. ಆಮೇಲೆ ನೀನು ಮಗ್ಗಕ್ಕೆ ಕೂತೆ, ನಾನು ರಬಕವಿಯ ಒಬ್ಬ ಸಾಹುಕಾರರ ಅಂಗಡಿಯಲ್ಲಿ ಗಾದಿಗೆ ಕೂತೆ. ಗಾದಿಗೆ ಕೂತೆ ಎಂದರೆ ಮಾಲೀಕನಾದೆ ಎಂದಲ್ಲ. ನೇಕಾರರು ತಂದ ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಎಳೆ ಕಡಿದಿದೆಯೇ, ಅಂಚು ಎಳೆದಿದೆಯೇ, ಎಣ್ಣೆಯ ಕಲೆ ಬಿದ್ದಿದೆಯೇ ಎಂದು ನೋಡಿ 'ಒಂದನೇ ನಂಬರು', 'ಎರಡನೇ ನಂಬರು' ಎಂದು ಬೇರೆ ಮಾಡುವುದು ನನ್ನ ಕೆಲಸ. ಎರಡನೇ ನಂಬರಿಗೆ ಮಜೂರಿ ಕಡಿತ. ನಮ್ಮ ಕಡೆ ಒಂದು ರೂಢಿ ಇದೆ: ನೋಡುವವನು ಒಮ್ಮೆ ಹೇಳಿದ ಮೇಲೆ ನೇಕಾರ ಎರಡನೇ ಮಾತು ಕೇಳುವುದಿಲ್ಲ. ಕೇಳಿದರೆ ನೋಡುವವನ ಕಣ್ಣಿಗೆ ಅವಮಾನ ಮಾಡಿದಂತೆ. ನೀನೂ ಆ ರೂಢಿಯವನೇ. ಸಂಜೆ ನಾವಿಬ್ಬರೂ ಕೂಡುತ್ತಿದ್ದ ಹೊಳೆಯ ದಂಡೆಯ ಮೇಲೆ ನಾನು 'ಶಿವ್ಯಾ', ಗಾದಿಯ ಮುಂದೆ ನಾನು 'ಶಿವಾನಂದ್ರ'. ಹೊಳೆಯ ಹತ್ತಿರ ನನ್ನ ತಾಯಿ ತಂದೆಯರನ್ನೂ ಬಿಡದೆ ಬೈಯುತ್ತಿದ್ದ ನೀನು, ಗಾದಿಯ ಮುಂದೆ ಬಂದರೆ ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿ ನಿಲ್ಲುತ್ತಿದ್ದೆ. ಇದನ್ನು ನಾನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಕಾರ್ಡು ನಿನ್ನ ಅಣ್ಣ ಮುಂಬೈಯಿಂದ ತಂದುಕೊಟ್ಟದ್ದು. ನಾವು ಆಗಷ್ಟೇ ಸಾಲೆ ಬಿಟ್ಟಿದ್ದೆವು. ಅವನು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಇಂಗ್ಲೆಂಡಿನ ಗಿರಾಕಿಯೊಬ್ಬ ಖುಷಿಯಿಂದ ಕೊಟ್ಟು ಹೋದದ್ದಂತೆ. ಅಂಗೈಯಗಲದ ರಟ್ಟು, ಅದರ ಮೇಲೆ ನಮ್ಮ ದೇಶದ ಒಬ್ಬ ಬ್ಯಾಟ್ಸ್‌ಮನ್, ಇನ್ನೂ ಮೀಸೆ ಸರಿಯಾಗಿ ಮೂಡಿರದ ಮುಖ. ಹೆಸರು ಬರೆಯುವುದಿಲ್ಲ, ಬರೆದರೆ ಕಾರ್ಡು ಈಗ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವವರಿದ್ದಾರೆ. ನೀನು ಅದನ್ನು ನೀನೇ ನೇಯ್ದ ಮೊದಲ ಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿಗೆ ಹಾಕಿದೆ. ಹದಿಮೂರು ವರ್ಷ ಅದಕ್ಕೆ ಬೆಳಕೂ ತಾಗಲಿಲ್ಲ, ಬೆರಳೂ ತಾಗಲಿಲ್ಲ.

ಅದರ ಬೆಲೆಯ ವಿಷಯ ಮೊದಲು ತೆಗೆದವನು ನಾನೇ. ಜಮಖಂಡಿಯ ನೆಟ್ ಅಂಗಡಿಯಲ್ಲಿ ಸಾಹುಕಾರರಿಗೆ ಸೀರೆಯ ಡಿಸೈನು ಹುಡುಕಲು ಕೂತವನು ಹಾಗೇ ಹವ್ಯಾಸಿಗಳು ಕೊಂಡು ಕೂಡಿಡುವ ಕ್ರಿಕೆಟ್ ಕಾರ್ಡುಗಳ ಕಡೆ ಹೋದೆ. ಅಂದು ಸಂಜೆ ಹೊಳೆಯ ದಂಡೆಯ ಮೇಲೆ ನಿನಗೆ ಹೇಳಿದೆ: ಪರದೇಶದಲ್ಲಿ ಒಂದು ಕಂಪನಿ ಇದೆ, ಕಾರ್ಡಿನ ಮೂಲೆ, ಅಂಚು, ಮೇಲ್ಮೈ ಎಲ್ಲ ನೋಡಿ ಒಂದರಿಂದ ಹತ್ತರೊಳಗೆ ನಂಬರು ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿ ಕಳಿಸುತ್ತಾರೆ. ಆ ನಂಬರಿನ ಮೇಲೆಯೇ ಬೆಲೆ.

"ನೋಡಾಕೂ ರೊಕ್ಕಾ ತಗೋತಾರೇನು?" ಎಂದೆ ನೀನು.

"ನಾ ಸೀರಿ ನೋಡಾಕ ಪಗಾರ ತಗೊಳ್ಳೂದಿಲ್ಲೇನ್ಲೇ?"

ಆಮೇಲೆ ನಾನು ಫೀಯ ರೀತಿ ಬಿಡಿಸಿ ಹೇಳಿದೆ. ಎಲ್ಲ ಕಾರ್ಡಿಗೂ ಒಂದೇ ಫೀ ಅಲ್ಲ. ಕಾರ್ಡು ಎಷ್ಟು ಬಾಳುತ್ತದೆ ಎಂದು ಮಾಲೀಕನೇ ಫಾರ್ಮಿನಲ್ಲಿ ಬರೆಯಬೇಕು. ಕಡಿಮೆ ಬೆಲೆಗೆ ಕಡಿಮೆ ಫೀ, ಹೆಚ್ಚಿನದಕ್ಕೆ ಹೆಚ್ಚು. ನಂಬರು ಬಂದ ಮೇಲೆ ಬೆಲೆ ನಾವು ಬರೆದದ್ದನ್ನು ದಾಟಿತೆಂದರೆ ಉಳಿದ ಫೀಯನ್ನು ಕೇಳಿ ವಸೂಲು ಮಾಡುತ್ತಾರೆ. ಆರೋ ಏಳೋ ಬಂದರೆ ಕಾರ್ಡು ಕೊಟ್ಟ ಫೀಯಷ್ಟೂ ಬಾಳುವುದಿಲ್ಲ. ಒಂಬತ್ತು ಬಂದರೆ ಫೀ ಹುಟ್ಟಿ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಹತ್ತು ಬಂದರೆ ಫೀ ಒಂದು ಲೆಕ್ಕವೇ ಅಲ್ಲ. ಎಲ್ಲ ಕೇಳಿ ನೀನು ಒಂದು ಮಾತು ಹೇಳಿದೆ.

"ಇದು ಛಲೋ ಅಲ್ಲ ಬಿಡ್ಲೇ ಶಿವ್ಯಾ. ನೀ ಸೀರಿ ಐನೂರದ್ದಿರಲಿ, ಐದ ಸಾವಿರದ್ದಿರಲಿ, ಅಷ್ಟ ಪಗಾರದಾಗ ನೋಡ್ತಿ. ಅವ್ರು ಬೆಲಿ ಏರಿದ್ರ ಫೀನೂ ಏರಸ್ತಾರಲ್ಲ? ನೋಡಾಂವಗ ಬೆಲಿ ಮ್ಯಾಲ ಆಸೆ ಇರಬಾರದು."

ನಾನು ನಕ್ಕೆ. ಇವನೊಬ್ಬ ದೊಡ್ಡ ಜ್ಞಾನಿ ಎಂದು ಚೇಷ್ಟೆ ಮಾಡಿದೆ.

ಆದರೂ ಕಳಿಸುವುದೆಂದು ತೀರ್ಮಾನವಾಯಿತು. ನಿನಗೆ ಬೇಕಾಗಿದ್ದದ್ದು ಒಂದೇ. ಸಾಲೆ ಬಿಟ್ಟಾಗಿನಿಂದ ಮಂದಿಯ ಶೆಡ್ಡಿನಲ್ಲಿ ಮಂದಿಯ ಮಗ್ಗ ನಡೆಸಿದವನು ನೀನು. "ನನ್ನ ಮನ್ಯಾಗ ನಂದ ಮಗ್ಗ ಸಪ್ಪಳ ಮಾಡಬೇಕು, ಹಳೇದರ ಇರಲಿ," ಎನ್ನುತ್ತಿದ್ದೆ. ಹದಿನೈದು ದಿನದ ಮಜೂರಿಯನ್ನು ಫೀ ಎಂದು ನನ್ನ ಕೈಗೆ ಕೊಟ್ಟೆ. ಫಾರ್ಮು ತುಂಬುವಾಗ ನೀನು "ಖರೆ ಎಷ್ಟ ಬಾಳತೈತೋ ಅಷ್ಟ ಬರಿ" ಎಂದೆ. ನಾನು ಕಡಿಮೆ ಬರೆದೆ, ಫೀ ಉಳಿಯಲೆಂದು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಇರಲಿಲ್ಲ ಎಂದೇ ನಂಬಿದ್ದೇನೆ.

ಇಂಥ ಕಾರ್ಡುಗಳನ್ನು ಒಟ್ಟುಮಾಡಿ ಪರದೇಶಕ್ಕೆ ಕಳಿಸುವ ಏಜೆಂಟನೊಬ್ಬ ಮುಂಬೈಯಲ್ಲಿದ್ದ. ಜಮಖಂಡಿಯಿಂದ ಅವನಿಗೆ ಕೊರಿಯರ್ ಮಾಡಿದೆವು. ಕಾರ್ಡು ಹೋಗಿ ತಿಂಗಳುಗಳಾದವು. ನೀನು ಅಷ್ಟರಲ್ಲಿ ಮನೆಯ ಮುಂದಿನ ಕೋಣೆಯ ನೆಲಹಾಸಿನ ಫರಸಿ ಕೀಳಿಸಿ, ಮಗ್ಗ ಕೂಡಿಸಲು ಸಿಮೆಂಟಿನ ಕಟ್ಟೆ ಹಾಕಿಸಿಬಿಟ್ಟೆ, ಬೋಲ್ಟು ಸಮೇತ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಿನ್ನ ಹೆಂಡತಿ ಕಾಶವ್ವ ಬೈದಳು. ನನ್ನನ್ನು ಕರೆದು ತೋರಿಸಿ, ಆ ಕಟ್ಟೆಯ ಮೇಲೆಯೇ ಕೂರಿಸಿ ಚಹಾ ಕೊಡಿಸಿದೆ.

ಏಜೆಂಟನ ಮೇಲ್ ಬಂದಾಗ ನಾನು ಅದೇ ನೆಟ್ ಅಂಗಡಿಯಲ್ಲಿದ್ದೆ. ನಂಬರಿನ ಸುದ್ದಿ ಕೆಳಗೆಲ್ಲೋ ಇತ್ತು. ಮೊದಲು ಕಣ್ಣಿಗೆ ಬಿದ್ದದ್ದು ಬಿಲ್ಲು. ನೀನು ಕೊಟ್ಟಿದ್ದ ಫೀಯ ಐದು ಪಟ್ಟು ಹೆಚ್ಚುವರಿ ಫೀ. ಇಷ್ಟು ಕಟ್ಟುವುದೆಲ್ಲಿಂದ ಎಂದುಕೊಂಡೆ. ಮರುಕ್ಷಣವೇ ಅರ್ಥವಾಯಿತು — ಫೀ ಇಷ್ಟು ಏರಿದೆ ಎಂದರೆ ಬೆಲೆ ಎಲ್ಲಿಗೆ ಹೋಗಿರಬೇಕು? ಕೆಳಗೆ ಹತ್ತು ಎಂದಿತ್ತು. ಅದರ ಕೆಳಗೆ, ಕೊಳ್ಳುವವರಿದ್ದಾರೆ, ಎರಡೂವರೆ ಲಕ್ಷದ ಮೇಲೆಯೇ ಹೋಗುತ್ತದೆ, ಕೊಡುತ್ತೀರಾ ಎಂದು ಏಜೆಂಟ ಕೇಳಿದ್ದ.

ಬನಹಟ್ಟಿಯ ಬಸ್ಸು ಹತ್ತಿದೆ. ನಿನಗೆ ಹೇಗೆ ಹೇಳಲಿ, ನೀನು ಹೇಗೆ ಕುಣಿಯುತ್ತೀ ಎಂದೇ ಹೊರಟದ್ದು. ಆದರೆ ದಾರಿಯಲ್ಲಿ — ಆ ಹೆಚ್ಚುವರಿ ಫೀಯನ್ನು ನೀನು ಕಟ್ಟಲಾರೆ, ನಾನೇ ಕಟ್ಟಬೇಕು ಎಂದುಕೊಂಡೆ. ನಾನು ಕಟ್ಟಿದರೆ ಕಾರ್ಡಿನಲ್ಲಿ ನನ್ನದೂ ಪಾಲು ಎಂದುಕೊಂಡೆ. ಹುಡುಕಿದವನು ನಾನು, ಫಾರ್ಮು ತುಂಬಿದವನು ನಾನು. ಪಾಲು ಎಂಬುದು ಅರ್ಧವಾಯಿತು, ಅರ್ಧ ಎಂಬುದು ಮುಕ್ಕಾಲಾಯಿತು. ಬಸ್ಸು ಇಳಿಯುವ ಹೊತ್ತಿಗೆ ನಿನ್ನದು ಏನೂ ಉಳಿದಿರಲಿಲ್ಲ. ಸಾಹುಕಾರರ ಗಾದಿ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೇ ಸೀರೆ ಅಂಗಡಿ ಇಡಬೇಕೆಂಬ ಆಸೆ ನನಗಿತ್ತು. ಆ ಆಸೆಗಾಗಿ ನಿನ್ನ ಆಸೆಯನ್ನು ಕೊಂದೆ, ಮಲ್ಲಪ್ಪಾ. ಬೇಲಿಯೇ ಎದ್ದು ಹೊಲ ಮೇಯಿತು.

ಇನ್ನು ಹೇಳುವುದು ಸುಳ್ಳಿಗಿಂತ ಹೊಲಸಾದದ್ದು. ಅಂದು ಸಂಜೆ ನೀನು ಹೊಳೆಯ ದಂಡೆಯಲ್ಲಿ ಕಾಯುತ್ತಿದ್ದೆ. ನನಗೆ ಗೊತ್ತಿತ್ತು. ಬೇಕೆಂದೇ ನಾನು ಬರಲಿಲ್ಲ. ಅಲ್ಲಿ ಹೇಳಿದರೆ ನೀನು 'ಲೇ ಶಿವ್ಯಾ' ಎಂದು ಹಿಡಿದು ಕೂರಿಸಿ ನೂರು ಪ್ರಶ್ನೆ ಕೇಳುತ್ತಿದ್ದೆ. ಮರುದಿನ ಮುಂಜಾನೆ ನೀನು ಗಂಟು ತಂದು ಗಾದಿಯ ಮುಂದೆ ನಿಲ್ಲುವವರೆಗೆ ತಡೆದೆ. ನಿನ್ನ ನಾಲ್ಕೂ ಸೀರೆ ಒಂದನೇ ನಂಬರು ಎಂದು ಹೇಳಿ, ಅದೇ ದನಿಯಲ್ಲಿ, ಮುಂದಿನ ಸೀರೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದೆ:

"ಕಾರ್ಡಿಗೆ ಆರ ಬಂತು ಮಲ್ಲಪ್ಪ. ಮ್ಯಾಲ ಇನ್ನೂ ಫೀ ಕೇಳಾಕತ್ತಾರ. ಬಿಡಿಸಿ ತರಾಕ ಕಾರ್ಡಿನ ಬೆಲಿಗಿಂತ ಫೀನ ಹೆಚ್ಚಾಗತೈತಿ. ಅಲ್ಲೇ ಬಿಡೂದು ಛಲೋ."

ನಿನ್ನ ಹಿಂದೆ ಇನ್ನೂ ಮೂವರು ಗಂಟು ಹಿಡಿದು ನಿಂತಿದ್ದರು.

"ಫೀ ಏರಸ್ಯಾರಂದ್ರ..." ಎಂದೆ ನೀನು.

ನನ್ನ ಕೈ ಸೀರೆಯ ಮೇಲೆ ನಿಂತುಹೋಯಿತು. ಫೀ ಏರುವುದು ಬೆಲೆ ಏರಿದಾಗ ಮಾತ್ರ ಎಂದು ಹೊಳೆಯ ದಂಡೆಯ ಮೇಲೆ ನಿನಗೆ ಕಲಿಸಿದವನು ನಾನೇ ಅಲ್ಲವೇ. ಆರು ಬಂದ ಕಾರ್ಡಿಗೆ ಯಾರು ಫೀ ಏರಿಸುತ್ತಾರೆ? ಇನ್ನು ಎರಡು ಶಬ್ದ ನಿನ್ನ ಬಾಯಿಂದ ಬಂದಿದ್ದರೆ ನಾನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದೆ. ನಾನು ಆಗ ತಲೆ ಎತ್ತಿ ನಿನ್ನನ್ನು ನೋಡಿದೆ — ಸೀರೆಯಲ್ಲಿ ತಪ್ಪು ಹಿಡಿದಾಗ ನೇಕಾರನನ್ನು ನೋಡುತ್ತೇನಲ್ಲ, ಹಾಗೆ.

"ನೀವು ನೋಡೀರಲ್ಲ ಶಿವಾನಂದ್ರ. ಆತು ಬಿಡ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದೆ.

ಹೆಚ್ಚುವರಿ ಫೀಯನ್ನು ನಾನು ಕಟ್ಟಿ, ಏಜೆಂಟನ ಮೂಲಕ ಕಾರ್ಡು ಮಾರಿಸಿದೆ. ಆಮೇಲಿನದು ನಿನಗೆ ಗೊತ್ತು. ಮಾವನ ಮನೆಯವರು ಕೈ ಹಿಡಿದರು ಎಂದು ಊರಿಗೆಲ್ಲ ಹೇಳಿ ನಾನು ಅಂಗಡಿ ಇಟ್ಟೆ. ನೀನು ಬಂದು ಮೊದಲ ದಿನ ಕಾಯಿ ಒಡೆದೆ. ಈಗ ನನಗಾಗಿಯೇ ನೇಯುತ್ತೀ, ಆದರೆ ಇನ್ನೂ ಮಂದಿಯ ಶೆಡ್ಡಿನಲ್ಲಿ. ಯಾರಾದರೂ ಕ್ರಿಕೆಟ್ಟಿನ ಮಾತು ತೆಗೆದರೆ ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಹೆಗಲಿಗೆ ಹೋಗುತ್ತದೆ. ನಿನ್ನ ಮನೆಗೆ ಬರುವುದನ್ನೇ ಬಿಟ್ಟೆ. ಒಂದೇ ಸಲ, ಕಾಶವ್ವನಿಗೆ ಆರಾಮಿಲ್ಲದಾಗ ಬಂದಿದ್ದೆ. ಆ ಸಿಮೆಂಟಿನ ಕಟ್ಟೆಯ ಮೇಲೆ ಜೋಳದ ಚೀಲ ಒಟ್ಟಿದ್ದಿರಿ. ಬೋಲ್ಟುಗಳಿಗೆ ತುಕ್ಕು ಹಿಡಿಯಬಾರದೆಂದು ನೀನು ಅರಿವೆ ಸುತ್ತಿದ್ದೆ. ಅರಿವೆಗೆ ಹೊಸದಾಗಿ ಎಣ್ಣೆ ಹಚ್ಚಿತ್ತು. ಆ ಎಣ್ಣೆಯನ್ನು ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನೀರೂ ಕುಡಿಯದೆ ಎದ್ದು ಬಂದೆ.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಏಳು ವರ್ಷ ಮುಚ್ಚಿಟ್ಟವನಿಗೆ ಎಪ್ಪತ್ತು ವರ್ಷ ಮುಚ್ಚಿಡುವುದೇನು ದೊಡ್ಡದು. ಆದರೆ ಹೋದ ವಾರ ನೀನು ಅಂಗಡಿಗೆ ಒಂದೇ ಸೀರೆ ಹಿಡಿದು ಬಂದೆ. ಹಿಂದಿನ ದಿನ ನಾನೇ ಒಂದನೇ ನಂಬರು ಎಂದು ಪಾಸು ಮಾಡಿ ಮಜೂರಿ ಕೊಟ್ಟ ಸೀರೆ, ಮಡಿಕೆ ಸರಿಮಾಡಿ ತರುತ್ತೇನೆಂದು ನೀನೇ ಮನೆಗೆ ಒಯ್ದಿದ್ದೆ. ಸೆರಗಿನ ಒಂದು ಮೂಲೆ ಬಿಚ್ಚಿ ಬೆಳಕಿಗೆ ಹಿಡಿದೆ.

"ಇಲ್ಲಿ ಒಂದ ಎಳಿ ಕಡದೈತ್ರಿ. ನಿಮ್ಮ ಕಣ್ಣ ತಪ್ಪೇತಿ. ಎರಡನೇ ನಂಬರಿಗೆ ಹಾಕ್ರಿ," ಎಂದು ಮಜೂರಿಯಲ್ಲಿ ಕಡಿತದ ಹಣವನ್ನು ಗಾದಿಯ ಮೇಲೆ ಇಟ್ಟೆ.

"ಇರಲಿ ಬಿಡೋ, ಯಾರಿಗೆ ಕಾಣಸತೈತಿ," ಎಂದೆ ನಾನು.

"ನನಗ ಕಂಡೈತಲ್ರಿ," ಎಂದೆ ನೀನು.

ನೀನು ಹೋದ ಮೇಲೆ ಆ ಸೀರೆಯನ್ನು ಹಿಡಿದುಕೊಂಡು ಕೂತೆ. ಆ ಎಳೆ ನನಗೆ ಎಷ್ಟು ಹುಡುಕಿದರೂ ಕಾಣಲಿಲ್ಲ. ಮಲ್ಲಪ್ಪಾ, ಕೂದಲೆಳೆಯಷ್ಟು ತಪ್ಪು ಕಾಣುವ ನಿನಗೆ ಅಂದು ಗಾದಿಯ ಮುಂದೆ ನನ್ನ ಮುಖ ಕಾಣಲಿಲ್ಲವೇ? ಅಥವಾ ಕಂಡೂ, ನೋಡುವವನ ಮಾತಿಗೆ ಎರಡನೇ ಮಾತು ಆಡಬಾರದೆಂದು — ನನಗೆ ಗೊತ್ತಿಲ್ಲ. ಗೊತ್ತಿದ್ದೂ ಬಂದು ಕಾಯಿ ಒಡೆದೆಯೋ? ಇದೊಂದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಏಜೆಂಟನ ಬಿಲ್ಲು ನನ್ನ ಹತ್ತಿರ ಇದೆ. ಅಂದೇ ನೆಟ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದ್ದು. ಯಾಕೆ ಹರಿದು ಹಾಕಲಿಲ್ಲವೋ ತಿಳಿಯದು. ಫೀ ಎಷ್ಟೆಂದು, ಬೆಲೆ ಎಷ್ಟೆಂದು, ನಂಬರು ಎಷ್ಟೆಂದು ಎಲ್ಲ ಅದರಲ್ಲಿದೆ. ಹೆಚ್ಚುವರಿ ಫೀ ಕಟ್ಟಿದವನು ನಾನು ಎಂಬುದನ್ನು ನಾನು ಎಂದೂ ನಿನ್ನ ಮುಂದೆ ಎತ್ತುವುದಿಲ್ಲ. ಅದು ನಿನ್ನ ಕಾರ್ಡು ಗೆದ್ದದ್ದಕ್ಕೆ ಕಟ್ಟಿದ ಫೀ. ನಾನು ಅದನ್ನು ನಿನ್ನನ್ನು ಸೋಲಿಸಲು ಬಳಸಿಕೊಂಡೆ.

ನಾಳೆ ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುವುದಿಲ್ಲ. ಈ ಕಾಗದ, ಆ ಬಿಲ್ಲು, ಅಂಗಡಿಯ ಕೀಲಿಕೈ ಮೂರನ್ನೂ ತೆಗೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಇದನ್ನು ಓದಿ ಮುಗಿಸಿದ ಮೇಲೆ ಕಟ್ಟೆಯ ಮೇಲಿನ ಜೋಳದ ಚೀಲ ಸರಿಸಿ ನೀನು ಅಲ್ಲಿ ಕೂರು. ನಾನು ಚಪ್ಪಲಿ ಹೊರಗೆ ಬಿಟ್ಟು ಎದುರಿಗೆ ನಿಲ್ಲುತ್ತೇನೆ. ಅಂದು ಅರ್ಧಕ್ಕೆ ನುಂಗಿದ ಪ್ರಶ್ನೆಯನ್ನು ಪೂರ್ತಿ ಕೇಳು. ಆಮೇಲೆ ನನ್ನನ್ನು ನೋಡಿ ಎಷ್ಟನೇ ನಂಬರೆಂದು ಹೇಳು. ಎರಡನೇ ಮಾತು ನಾನು ಕೇಳುವುದಿಲ್ಲ.