ಏಕಾದಶಿಯ ಉಗುಳು

ಮೊನ್ನೆ ಸೊಸೆ ಮೊಮ್ಮಗುವಿನ ಎದೆಗೆ ನೀಲಗಿರಿ ಎಣ್ಣೆ ಹಚ್ಚುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಆದೋನಿಯ ಹಳೆಯ ಮನೆ ನೆನಪಾಯಿತು. ಅದರ ಹಿಂದೆಯೇ, ನನ್ನ ವಾರಗಿತ್ತಿ ಪದ್ಮಕ್ಕನ ಮೇಲಿದ್ದ ಹೊಟ್ಟೆಕಿಚ್ಚೂ.

ನೀವೇ ಹೇಳಿ, ಒಬ್ಬರಿಗೆ ನೆಗಡಿಯೇ ಬಾರದಿದ್ದರೆ ಹೊಟ್ಟೆ ಉರಿಯುವುದಿಲ್ಲವೇ? ನನಗೋ ಮೋಡ ಕಂಡರೆ ಮೂಗು ಸೋರುತ್ತಿತ್ತು; ನೀಲಗಿರಿ ಎಣ್ಣೆಯ ಸೀಸೆ ತಲೆದಿಂಬಿನ ಬಳಿಯೇ ಇರುತ್ತಿತ್ತು. ಭಾವನವರ ಹೆಂಡತಿ ಪದ್ಮಕ್ಕ ಚಳಿಯಲ್ಲೂ ಬಾವಿಯ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಮಡಿನೀರು ತರುತ್ತಿದ್ದಳು; ಒಂದು ಸೀನೂ ಇಲ್ಲ. ಆಕೆಗೆ ಮಕ್ಕಳಿರಲಿಲ್ಲ. ನನ್ನ ಮಡಿಲಲ್ಲಿ ಎಳೆಯ ಮಗನಿದ್ದ. ಆದರೂ ಉರಿಯುತ್ತಿದ್ದವಳು ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೂಸುಗಳ ಎದೆ ಕಟ್ಟಿಸುವ ವೈರಸ್ಸೊಂದು ಓಣಿಯಲ್ಲೆಲ್ಲ ಹಬ್ಬಿತ್ತು. ಅದನ್ನು ತಡೆಯುವ ಪ್ರತಿಕಾಯಗಳು ದೊಡ್ಡವರ ಉಗುಳಿನಲ್ಲಿ ಎಷ್ಟಿವೆಯೆಂದು ಅಳೆಯಲು ವೈದ್ಯಕೀಯ ಕಾಲೇಜಿನಿಂದ ಒಬ್ಬ ಡಾಕ್ಟರಮ್ಮ ಬಂದರು. ನಮ್ಮ ಹತ್ತಿಯ ಊರಿಗೇ ಹತ್ತಿ ಹೊತ್ತು ತಂದಿದ್ದರು. ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡು, ನೆನೆದ ಮೇಲೆ ಕೊಡಬೇಕು. ಅವರು ಹಿಂಡಿ ಸೀಸೆಗೆ ತುಂಬಿ ಐಸ್ ಡಬ್ಬಿಯಲ್ಲಿಡುತ್ತಿದ್ದರು. ಎಂಜಲಿನ ಈ ಸಂಭ್ರಮ ನೋಡಲಾರದೆ ನಮ್ಮತ್ತೆ ದೇವರ ಮನೆ ಸೇರಿದರು.

ಅಂದು ಏಕಾದಶಿ. ಹಾಲೂಡಿಸುವವಳೆಂದು ನನಗೆ ಉಪವಾಸವಿರಲಿಲ್ಲ. ಪದ್ಮಕ್ಕನದು ನೀರೂ ಮುಟ್ಟದ ಉಪವಾಸ.

"ಹತ್ತಿ ಬಾಯಾಗ ಇಟ್ಕೊಂಡ್ರ ಉಪವಾಸ ಕೆಡ್ತದೇನ್ರಿ?" ಎಂದು ಕೇಳಿದಳು.

"ಮಿಂಗಕುಂಟೇ ಚಾಲಮ್ಮಾ," ಎಂದರು ಡಾಕ್ಟರಮ್ಮ ತೆಲುಗಿನಲ್ಲಿ. ನುಂಗದಿದ್ದರೆ ಸಾಕಂತೆ.

ನನ್ನ ಹತ್ತಿ ಕ್ಷಣದಲ್ಲಿ ತೊಯ್ದು ತೊಪ್ಪೆಯಾಯಿತು. ಆಕೆಯದು ಬಹಳ ಹೊತ್ತಾದರೂ ಅರ್ಧ ನೆನೆಯಲಿಲ್ಲ. ಇದೊಂದರಲ್ಲಾದರೂ ಗೆದ್ದೆನೆಂದು ಹಿಗ್ಗಿದೆ.

ಕೆಲವು ವಾರಗಳ ಮೇಲೆ ಕಾಲೇಜಿನಿಂದ ಬಂದ ಚೀಟಿಯಿಂದ ತಿಳಿದದ್ದು ಬೇರೆ: ಪದ್ಮಕ್ಕನ ಉಗುಳಿನಲ್ಲಿ ಪ್ರತಿಕಾಯ ನನ್ನದಕ್ಕಿಂತ ಎಷ್ಟೋ ಹೆಚ್ಚು. ಅತ್ತೆ ತಡಮಾಡಲಿಲ್ಲ.

"ಕೂಸು ಪದ್ಮನ ಹತ್ರ ಇರ್ಲಿ. ನೀ ಹಾಲು ಕುಡಿಸಿ ಕೊಟ್ಟುಬಿಡು. ನಿನ್ನ ಮೂಗು ಹೆಂಗದ ನೋಡ್ಕೋ."

ಕುಡಿಸುವುದು, ಕೊಡುವುದು. ಹಸುವಿಗಾದರೂ ಕರುವನ್ನು ನೆಕ್ಕಲು ಬಿಡುತ್ತಾರೆ. ಆಕೆಯ ಹೆಗಲ ಮೇಲೆ ಮಗ ನಕ್ಕಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ದೇವರೇ, ಆಕೆಗೊಂದು ನೆಗಡಿ ಕೊಡು ಎಂದು ಬೇಡಿಕೊಂಡೆ. ಬೇರೆ ವರ ಕೇಳಲು ತೋಚಲಿಲ್ಲ.

ಡಾಕ್ಟರಮ್ಮ ಮತ್ತೆ ಬಂದಾಗ ಅತ್ತೆ ಹಿರಿಯ ಸೊಸೆಯ ಉಪವಾಸದ ಮಹಿಮೆ ಬಣ್ಣಿಸಿದರು. ಡಾಕ್ಟರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಾಯಿ ಒಣಗಿದರೆ ಉಗುಳು ಗಟ್ಟಿಯಾಗುತ್ತದೆ. ಬತ್ತಿದ ಸಾರು ಉಪ್ಪಾಗುವಂತೆ ಪ್ರತಿಕಾಯವೂ ಹೆಚ್ಚೆಂದು ಕಾಣುತ್ತದಂತೆ. ಉಪವಾಸವಿಲ್ಲದ ದಿನ ಇನ್ನೊಮ್ಮೆ ತೆಗೆದು ಅಳೆದರು. ಇಬ್ಬರದೂ ಹೆಚ್ಚುಕಡಿಮೆ ಒಂದೇ. ಕೂಸಿಗೆ ತಾಯಿಯ ಹಾಲಿನಿಂದಲೂ ಪ್ರತಿಕಾಯ ಸಿಗುತ್ತದೆ, ಅವಳ ಹತ್ತಿರವೇ ಇರಲಿ ಎಂದರು.

ನಾನು ಓಡಿಹೋಗಿ ಮಗನನ್ನು ಕಸಿದುಕೊಂಡೆ. ಪದ್ಮಕ್ಕ ಸುಮ್ಮನೆ ಬಿಟ್ಟುಕೊಟ್ಟಳು. ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೆಲ್ಲಗೆ ಅಂದಳು: "ನಿನಗ ಹಾಲು ಅದ ತಂಗೀ. ನನಗಿದ್ದದ್ದು ಬರೇ ಉಗುಳು. ಅದೂ ಸಾಲಲಿಲ್ಲ ನೋಡು."

ಪದ್ಮಕ್ಕ ಈಗ ನಮ್ಮೊಂದಿಗೇ ಇದ್ದಾಳೆ. ಸಂಜೆ ಮಗ ಕೆಲಸದಿಂದ ಬಂದವನೇ ಮೊದಲು ಆಕೆಯ ಕೋಣೆಗೆ ಹೋಗುತ್ತಾನೆ. ಇಷ್ಟು ವರ್ಷವೂ ನಾನು ಏನಾದರೊಂದು ನೆಪ ತೆಗೆದು ಅವನ ಹಿಂದೆಯೇ ನುಗ್ಗುತ್ತಿದ್ದೆ. ಆ ಘಾಟು ಬಡಿದ ಮೊನ್ನೆ ಮಾತ್ರ ಹೊರಗೇ ಕುಳಿತೆ. ಒಳಗೆ ಇಬ್ಬರೂ ಏನಕ್ಕೋ ನಗುತ್ತಿದ್ದರು. ಉರಿ ಇತ್ತು, ಇಲ್ಲವೆನ್ನಲಾರೆ. ಎದ್ದು ಹೋಗಲಿಲ್ಲ.