ದೋಣಿಯೊಳಗಿನ ಬುತ್ತಿ

ಸಹನಾ, ಅಭಿ, ಮೊಮ್ಮಕ್ಕಳೇ, ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನೀವಿಬ್ಬರೂ ಕೂಸಾಗಿದ್ದಾಗ ಮಲಗಿದ ಕೌದಿಯ ನಡುವೆ ಒಂದು ಕೆಂಪು ದೋಣಿ ಇದೆಯಲ್ಲ, ಅದರ ಮಾತು ಇದು.

ಆಗ ಬಾಂಗ್ಲಾ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಅಲ್ಲಿಂದ ಓಡಿಬಂದವರಿಗೆ ಸಿಂಧನೂರಿನ ಹತ್ತಿರ ಕ್ಯಾಂಪು ಹಾಕಿಕೊಟ್ಟಿದ್ದರು. ಅಲ್ಲಿಯ ಮಾಲತಿ ಎಂಬಾಕೆ ನಮ್ಮ ಗದ್ದೆಗೆ ನಾಟಿ ಹಚ್ಚಲು ಬರುತ್ತಿದ್ದಳು. ನಮ್ಮ ಮಾತು ಕಲಿತಿದ್ದ ಆಕೆ ನಮಗೆ ಮಾಲತವ್ವ. ಆ ಮಳೆಗಾಲ ನಮ್ಮಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮಜ್ಜಿ ಪಡಸಾಲೆಯಲ್ಲಿ ಹಳೆ ಸೀರೆ ಹರವಿ ಕೂಸಿನ ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಸೀರೆಗೆ ಟ್ರಂಕಿನ ನುಸಿಗುಳಿಗೆ ವಾಸನೆ, ಒಳಗಿನಿಂದ ಸುಡುವ ರೊಟ್ಟಿಯ ವಾಸನೆ. ಹೊಲಿಗೆ ಮುಗಿಯುವ ಮೊದಲು ನಡುವೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುವುದು ನಮ್ಮ ಮನೆಯ ಪದ್ಧತಿ. ಕೌದಿ ಹಸಿದಿರಬಾರದು ಎನ್ನುತ್ತಿದ್ದಳು ಅಜ್ಜಿ. ಇರುವೆ ಹತ್ತಲಿಲ್ಲವೇ ಎಂದು ಕೇಳಬೇಡಿ, ಹತ್ತುತ್ತಿದ್ದವು.

ಸಂಜೆ ಮಾಲತವ್ವ ಕೆಸರು ತೊಳೆದುಕೊಂಡು ಬಂದು ಕೂಡುತ್ತಿದ್ದಳು. ಅವರ ಕಡೆಯೂ ಹಳೆ ಸೀರೆಗಳಲ್ಲಿ ಹೀಗೇ ಹೊಲಿಯುತ್ತಾರಂತೆ, ಆದರೆ ದಾರದಲ್ಲಿ ಚಿತ್ರ ಬಿಡಿಸುತ್ತಾರೆ. ಮೊದಲ ದಿನವೇ ಮೂಲೆಯಲ್ಲಿ ಒಂದು ಮೀನು ಮೂಡಿಸಿಬಿಟ್ಟಳು.

"ಅಯ್ಯ ನಮ್ಮವ್ವ! ಲಿಂಗ ಕಟ್ಟಿದ ಮನ್ಯಾಗ ಮೀನ ತಂದಿಯಲ್ಲ ಬೇ!" ಎಂದಳು ಅಜ್ಜಿ.

"ಮೀನ ಇದ್ರ ಮನಿ ತುಂಬ ಮಕ್ಕಳು, ಅಜ್ಜಿ."

"ಹಂಗಾರ ಇರ್ಲಿ ಬಿಡು. ಸಾರಂತೂ ಮಾಡಂಗಿಲ್ಲ."

ಒಂದು ಸಂಜೆ ಮಾಲತವ್ವ ತನ್ನ ಮದುವೆಗೆ ಅವರವ್ವ ಹೊಲಿದಿದ್ದ ಹಚ್ಚಡ ತಂದು ತೋರಿಸಿದಳು. ಅದರಲ್ಲಿ ದೋಣಿ, ದೋಣಿಯಲ್ಲಿ ಮದುವಣಗಿತ್ತಿ. ಅಕ್ಕ ಆಸೆಪಟ್ಟಳು. "ಇಂಥಾದೊಂದು ನನ್ನ ಕೂಸಿಗೂ ಹಾಕ ಬೇ."

"ದೋಣಿ ಬ್ಯಾಡ."

"ಯಾಕ?"

ಮಾಲತವ್ವ ಹಚ್ಚಡ ಮಡಚಿಕೊಂಡು ಎದ್ದು ಹೋದಳು. "ನನ್ನ ಕೂಸಿಗೆ ಹೊಲ್ಯಾಕ ಆಕಿ ಕೈ ಬರವಲ್ದು," ಎಂದು ಅಕ್ಕ ಅತ್ತಳು. ಚೊಚ್ಚಲ ಬಸುರಿ, ಎಲ್ಲದಕ್ಕೂ ಅಂಜಿಕೆ. ಅಜ್ಜಿಗೂ ಸಿಟ್ಟು. ಆಮೇಲೆ ಮಾಲತವ್ವ ನಮ್ಮ ಮನೆ ಕಡೆ ಬರಲೇ ಇಲ್ಲ. ಕಡೆಗೆ ನಾನೇ ಗದ್ದೆಗೆ ಹೋಗಿ ಬದುವಿನ ಮೇಲೆ ನಿಂತು, "ಅಕ್ಕ ಅಳಾಕತ್ಯಾಳ, ಬಾ," ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೂ ಅಳು ಬಂದಿತ್ತು.

ಬಂದಳು. ಹೊಸ್ತಿಲಲ್ಲೇ ಕೂತು ಹೇಳಿದಳು.

"ನಮ್ಮಲ್ಲಿ ದೋಣಿ ಅಂದ್ರ ಮಗಳು ಗಂಡನ ಮನಿಗೆ ಹೋಗೋದು. ಅದಕ್ಕ ನಮ್ಮವ್ವ ಹೊಲ್ದಿದ್ಲು. ಆಮ್ಯಾಲ ಲಡಾಯಿ ಬಂತು. ಅಂಥಾ ದೋಣ್ಯಾಗ ಕೂಸಿನ್ನ ಎತ್ಕೊಂಡು ಓಡಿ ಬಂದೆ. ತಿನ್ನಾಕ ಏನಿಲ್ಲ, ಎದ್ಯಾಗ ಹಾಲಿಲ್ಲ. ಕೂಸು ಅತ್ತಿತು. ಆಮ್ಯಾಲ ಅಳ್ಲಿಲ್ಲ. ಈಗ ಹೊಲ್ಯಾಕ ಕುಂತ್ರ ಕೈಯಾಗ ಆ ದೋಣೀನ ಬರತೈತಿ, ಅಜ್ಜಿ. ಅವ್ವಂದು ಬರಂಗಿಲ್ಲ."

ಅಜ್ಜಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿದ್ದದ್ದು ಚೂರಲ್ಲ, ಅರ್ಧ ರೊಟ್ಟಿ; ಜೊತೆಗೆ ಬೆಲ್ಲ. ಕೌದಿಯ ನಡುವೆ ಇಟ್ಟು ಬಟ್ಟೆ ಮುಚ್ಚಿದಳು.

"ಇದರ ಮ್ಯಾಲ ಹೊಲಿ, ಮಗಳ. ಈ ದೋಣ್ಯಾಗ ಬುತ್ತಿ ಐತಿ."

ನಾನು ಕೆಂಪು ದಾರ ಪೋಣಿಸಿ ಕೊಟ್ಟೆ. ಮಾಲತವ್ವ ದೋಣಿಯಲ್ಲಿ ಮದುವಣಗಿತ್ತಿಯನ್ನು ಕೂರಿಸಲಿಲ್ಲ. ಮಡಿಲಲ್ಲಿ ಕೂಸಿರುವ ತಾಯಿಯನ್ನು ಕೂರಿಸಿದಳು.

ಆ ಕೌದಿಯಲ್ಲಿ ಅಕ್ಕನ ಮಗ ಮಲಗಿದ, ನಿಮ್ಮಪ್ಪ ಮಲಗಿದ, ನೀವೂ ಮಲಗಿದಿರಿ. ಅಜ್ಜಿ ಇಲ್ಲ, ಅಕ್ಕ ಇಲ್ಲ, ಮಾಲತವ್ವನೂ ಇಲ್ಲ. ರೊಟ್ಟಿ ಎಂದೋ ಪುಡಿಯಾಗಿ ಹೋಯಿತು. ಈಗಿನ ರಗ್ಗುಗಳು ಮೆತ್ತಗಿವೆ, ಆದರೆ ಅವುಗಳೊಳಗೆ ಯಾರೂ ಬುತ್ತಿ ಇಡುವುದಿಲ್ಲ.

ಈ ಹಾಳೆಗಳನ್ನು ಆ ಕೌದಿಯ ಮಡಿಕೆಯಲ್ಲೇ ಜೋಪಾನವಾಗಿಡಿ. ಒಗೆಯುವಾಗ ಮಾತ್ರ ಮರೆಯದೆ ತೆಗೆದಿಡಿ.