ಹಳದಿ ಹಾಳೆಯ ಕಪ್ಪುನೀರು

ಖ್ರುದಿಮ್ ಊರಿನ ಗೊಂಬೆಯಾಟದ ರಂಗಮಂದಿರದಲ್ಲಿ ಲಿಬೂಶೆ ಮೂವತ್ತೊಂದು ವರ್ಷ ದೀಪ ನೋಡಿಕೊಂಡಳು. ಚಪ್ಪಾಳೆಯೆಲ್ಲ ಗೊಂಬೆಗಳಿಗೆ ಹೋಯಿತು. ದೀಪದ ಹಿಂದೆ ಕತ್ತಲಲ್ಲಿ ಕೂತವಳ ಮುಖ ಊರಿನವರಿಗೆ ಗೊತ್ತೇ ಇರಲಿಲ್ಲ. ನಿವೃತ್ತಿಯಾದ ಮೇಲೆ ಆಕೆಗೆ ಒಂದೇ ಹಟ, ನಮ್ಮ ಮೀನು ಸಾಕುವವರ ಸಂಘಕ್ಕೆ ಸೇರಬೇಕೆಂದು. ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ನಾವು ಹನ್ನೊಂದು ಗಂಡಸರು ಬೇಡವೆಂದು ಕೈ ಎತ್ತಿದೆವು. ಕಾರ್ಯದರ್ಶಿಯಾದ ನಾನೂ ಎತ್ತಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

"ಐದು ತಲೆಮಾರು ಮರಿ ಮಾಡ್ಸಿದೀನಿ ಕಣ್ರೀ, ಮನೇಲಿ" ಎಂದಿದ್ದಳು.

"ಮನೇಲಿ ಯಾರು ನೋಡಿದ್ರಮ್ಮಾ?" ಎಂದರು ಅಧ್ಯಕ್ಷ ವಾವ್ರಾ. "ನಮ್ಮ ಕಣ್ಣೆದುರಿಗೆ ಮರಿ ಆಗ್ಲಿ, ಅವತ್ತೇ ಸೇರಿಸ್ಕೊತೀವಿ."

ಆ ವಸಂತದ ಹತ್ತು ದಿನಗಳ ಪ್ರದರ್ಶನದಲ್ಲಿ ಎಲ್ಲರೂ ಕಪ್ಪುನೀರಿನ ತೊಟ್ಟಿಯನ್ನೇ ಇಡಬೇಕೆಂದು ತೀರ್ಮಾನವಾಗಿತ್ತು, ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಕಾಡುಹೊಳೆಗಳಂತೆ. ಹೊರಗಿನವರಿಗೂ ಅವಕಾಶವಿತ್ತು, ಲಿಬೂಶೆಗೆ ಮೂಲೆಯಲ್ಲೊಂದು ಮೇಜು ಸಿಕ್ಕಿತು. ನಾವು ಓಕ್ ಎಲೆ ನೆನೆಸಿದೆವು, ಮರದ ಕಾಯಿಗಳನ್ನು ಕುದಿಸಿದೆವು. ವಾವ್ರಾ ಅವರಂತೂ ಹೆಂಡತಿಯ ಸಾರಿನ ಪಾತ್ರೆಯಲ್ಲೇ ಕುದಿಸಿ ಒಂದು ವಾರ ಬೈಸಿಕೊಂಡರು. ಅಷ್ಟೆಲ್ಲ ಮಾಡಿಯೂ ಸಭಾಂಗಣದ ಟ್ಯೂಬ್‌ಲೈಟಿನ ಬೆಳಕಲ್ಲಿ ನಮ್ಮ ತೊಟ್ಟಿಗಳು ಪಾತ್ರೆ ತೊಳೆದ ನೀರಿನಂತೆ ಕಂಡವು. ಜನ ಮೂಗು ಮುರಿದು ಮುಂದೆ ಹೋದರು.

ಹೋಗಿ ನಿಂತದ್ದು ಲಿಬೂಶೆಯ ತೊಟ್ಟಿಯ ಮುಂದೆ. ಅಲ್ಲಿ ನೀರು ಜೇನಿನ ಬಣ್ಣಕ್ಕಿತ್ತು, ಹಿಂದಕ್ಕೆ ಹೋದಂತೆ ಗಾಢವಾಗುತ್ತಿತ್ತು, ತಳದಲ್ಲಿ ಎಲೆಗಳ ನೆರಳಿತ್ತು. ಕೆಂಪು ಹೊಟ್ಟೆಯ ಜೋಡಿ ಮೀನು ಒಂದು ಮಣ್ಣಿನ ಕುಂಡದ ಒಳಗೆ ಹೊರಗೆ ಓಡಾಡಿಕೊಂಡಿತ್ತು. ನಮಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕೊನೆಯ ದಿನ ಮಧ್ಯಾಹ್ನ ಜನ ಹೋದ ಮೇಲೆ ನಾವೇ ಟ್ಯೂಬ್‌ಲೈಟ್ ಆರಿಸಿ, ಪರದೆ ಎಳೆದು, ಬಿಯರ್ ಹಿಡಿದು ಆ ತೊಟ್ಟಿಯ ಮುಂದೆ ಕೂತೆವು. ವಾವ್ರಾ ತಡೆಯಲಾರದೆ ಗಾಜಿನ ಜಾಡಿ ತಂದರು.

"ಒಂದು ಜಾಡಿ ನೀರು ಕೊಡೀಮ್ಮಾ. ನನ್ನ ಮೀನು ಮೊಟ್ಟೆ ಇಡ್ತಾವೋ ನೋಡ್ತೀನಿ."

"ಈ ನೀರಿಂದ ನಿಮ್ಗೇನೂ ಆಗಲ್ಲ, ಅಧ್ಯಕ್ಷರೇ."

ಜಿಪುಣತನ ಎಂದುಕೊಂಡ ಅವರು ಕುಂಡದ ಪಕ್ಕಕ್ಕೇ ಕೊಳವೆ ಇಳಿಬಿಟ್ಟು ಜಾಡಿ ತುಂಬಿಸಿಕೊಂಡು, ಪಡಸಾಲೆಯ ಕಿಟಕಿಗೆ ಹಿಡಿದರು. ನೀರು ತಿಳಿಯಾಗಿತ್ತು. ಬಣ್ಣವೇ ಇಲ್ಲ.

"ನಲ್ಲಿ ನೀರು ಕಣ್ರೋ! ಮೋಸ!"

"ಏನ್ ಮೋಸ?" ಲಿಬೂಶೆ ತೊಟ್ಟಿಯ ಮೇಲಿನ ದೀಪಕ್ಕೆ ಬಣ್ಣ ಕೊಡಲು ಕಟ್ಟಿದ್ದ ಎರಡು ಹಳದಿ ಜೆಲಟಿನ್ ಹಾಳೆಗಳನ್ನೂ, ನೆರಳು ಬೀಳಿಸಲು ಎಲೆಯ ಆಕಾರ ಕತ್ತರಿಸಿದ ತಗಡನ್ನೂ, ಹಿಂದಿನ ಕಪ್ಪು ಬಟ್ಟೆಯನ್ನೂ ತೋರಿಸಿದಳು. "ಕೇಳಿದ್ರೆ ಹೇಳ್ತಿದ್ದೆ. ನನ್ ಮೀನು ಐದು ತಲೆಮಾರಿಂದ ಈ ಊರಿನ ಗಡಸು ನೀರಲ್ಲೇ ಬೆಳೆದಿವೆ. ಹತ್ತು ದಿನದ ಶೋಕಿಗೆ ಅವುಗಳ ನೀರು ಬದಲಾಯಿಸ್ಲಾ? ಕಪ್ಪು ಬೇಕಾಗಿರೋದು ನೋಡೋರಿಗೆ. ಅದಕ್ಕೆ ದೀಪ ಸಾಕು."

"ಇನ್ನು ನಿಮ್ಮ ಅರ್ಜಿ ಮರೆತುಬಿಡಿ" ಎಂದು ವಾವ್ರಾ ಒಳಗೆ ಬಂದು ಜಾಡಿಯನ್ನು ತೊಟ್ಟಿಗೇ ಬಗ್ಗಿಸಲು ಹೋದರು. ಲಿಬೂಶೆಯ ಮುಖ ಬಾಡಿತು. ನನಗೆ ಸಂಕಟವಾಗಿ ಜಾಡಿಯತ್ತ ಕಣ್ಣು ಹೊರಳಿಸಿದೆ.

"ತಡೀರಿ! ಒಳಗೇನೋ ಓಡಾಡ್ತಿದೆ!" ಎಂದೆ.

ಆರು ಮರಿಗಳು. ಎಳ್ಳಿನಷ್ಟು ದೇಹ, ಅದರಲ್ಲಿ ಅರ್ಧ ಬರೀ ಕಣ್ಣು. ಕುಂದಿದ ಬೆಳಕಿಗೆ ಧೈರ್ಯ ಬಂದು ಆ ಜೋಡಿ ಪ್ರದರ್ಶನದ ಗದ್ದಲದಲ್ಲೇ ಕುಂಡದೊಳಗೆ ಸಂಸಾರ ಹೂಡಿತ್ತು. ನಮ್ಮ ಕಂದು ನೀರಾಗಿದ್ದರೆ ಒಂದೂ ಕಾಣುತ್ತಿರಲಿಲ್ಲ.

ವಾವ್ರಾ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮರಿಗಳನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟರು. ತಾಯಿಮೀನು ಧಾವಿಸಿ ಬಂದು ಒಂದೊಂದನ್ನೇ ಬಾಯಲ್ಲಿ ತುಂಬಿಕೊಂಡು ಕುಂಡದ ಬಳಿ ಉಗುಳಿತು.

"ನನ್ ಮೀನು ಹತ್ತು ದಿನದಿಂದ ಮೂಲೆ ಬಿಟ್ಟು ಬಂದಿಲ್ಲ" ಎಂದರು ವಾವ್ರಾ, ಯಾರಿಗೂ ಅಲ್ಲದ ಹಾಗೆ. ಆಮೇಲೆ ನಮ್ಮತ್ತ ತಿರುಗಿ, "ಲಿಬೂಶೆ ಅವರ ಅರ್ಜಿಗೆ ಒಪ್ಪೋರು ಕೈ ಎತ್ತಿ. ದೀಪ ಹಾಕ್ರೋ, ಎಣಿಸ್ಬೇಕು."

"ಹಾಕ್ಬೇಡಿ!" ಎಂದು ಲಿಬೂಶೆ ಗದರಿದಳು. "ಮರಿ ಬೆದರ್ತಾವೆ."

ನಾನು ಆ ಕತ್ತಲಲ್ಲೇ ಕುರ್ಚಿಯಿಂದ ಕುರ್ಚಿಗೆ ನಡೆದು, ಒಂದೊಂದೇ ಕೈ ಮುಟ್ಟಿ ಎಣಿಸಿದೆ. ನನ್ನದೂ ಸೇರಿ ಹನ್ನೆರಡಾಯಿತು. ಒಂದು ಹೆಚ್ಚು. ಮತ್ತೆ ಎಣಿಸಿದೆ. ವಾವ್ರಾ ಎರಡೂ ಕೈ ಎತ್ತಿ ಕೂತಿದ್ದರು.